ಕಳಕೇಶನ ಮದುವೆ ಹಾಡು

ಹೆಣ್ಣಿನ ಕಡೆಯವರು ರಾಜೂರಿನವರು ಎಂಬ ಮಾತು ಕಳಕೇಶನ ಕಿವಿಗೆ ಬಿದ್ದಾಗ ಆರ್ಕೆಸ್ಟ್ರಾದ ಟೆಂಪೊ ಆಗಲೇ ರೋಣ ದಾಟಿ ನರಗುಂದದ ದಾರಿ ಹಿಡಿದಿತ್ತು. ಗಜೇಂದ್ರಗಡದಲ್ಲೇ ಗೊತ್ತಾಗಿದ್ದರೆ ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಮಲಗಿಬಿಡುತ್ತಿದ್ದ.

“ಯಾವ ರಾಜೂರ?” ಎಂದು ಕೇಳಿದ, ಬೇರೆ ಯಾವುದಾದರೂ ರಾಜೂರು ಇರಲಿ ದೇವರೇ ಎಂದುಕೊಳ್ಳುತ್ತ.

“ಎಷ್ಟ್ ರಾಜೂರ ಅದಾವಪಾ? ನಿಮ್ಮ ಲಕ್ಕಲಕಟ್ಟಿ ಕಡೀದಽ” ಎಂದಳು ಜೊತೆ ಹಾಡುಗಾರ್ತಿ ಜಬೀನ. “ಯಾಕ, ಆ ಹುಡುಗಿನ್ನ ನೀನೂ ನೋಡಿ ಬಂದಿದ್ದೇನು?”

ಹುಡುಗಿಯ ಮಾತಾಗಿದ್ದರೆ ಚಿಂತೆಯಿರಲಿಲ್ಲ. ಕಳಕೇಶನ ಭಯವೇ ಬೇರೆ. ಅವನು ಹಾಡು ಕಲಿತದ್ದು ಸೋದರಮಾವ ಕನಕಪ್ಪನ ಭಜನಾ ಮೇಳದಲ್ಲಿ. ಆ ಮೇಳವನ್ನು ಜನ ಕರೆಯುತ್ತಿದ್ದುದು ಯಾರಾದರೂ ಸತ್ತಾಗ ಮಾತ್ರ. ಎರಡನೇ ಇಯತ್ತೆಯಲ್ಲಿದ್ದಾಗಲೇ ಕನಕಪ್ಪ ಅವನನ್ನು ಹೆಣದ ಮುಂದೆ ನಿಲ್ಲಿಸಿ ಹಾಡಿಸಿದ್ದ. “ಸಾಲಿನ ಕಡೀಗೆ ದನಿ ಇಳಸು, ನಡಗಸು. ಮಂದಿ ಕಣ್ಣಾಗ ನೀರ ಬರಲಿಲ್ಲಂದ್ರ ಅದು ಹಾಡಽ ಅಲ್ಲ” ಎಂದು ತಾಳದಿಂದ ಮೊಣಕೈಗೆ ಕುಟ್ಟುತ್ತಿದ್ದ. ಹಾಗೆ ಕಲಿತದ್ದು ಕಳಕೇಶನ ಗಂಟಲಿಗೆ ಹಚ್ಚೆ ಹಾಕಿದಂತೆ ಉಳಿದುಬಿಟ್ಟಿತು. ದೊಡ್ಡವನಾದ ಮೇಲೆ ಅವನು ಏನೇ ಹಾಡಿದರೂ ದನಿ ಬಾವಿಗೆ ಬಿಟ್ಟ ಕೊಡದ ಹಾಗೆ ಸಾಲಿನ ಕೊನೆಗೆ ಕೆಳಗಿಳಿದು ನಡುಗುತ್ತಿತ್ತು. ಸಾಲೆಯ ಸ್ವಾತಂತ್ರ್ಯೋತ್ಸವದಲ್ಲಿ ಅವನು ಹಾಡಿದ ವರ್ಷ ಹೆಡ್ ಮಾಸ್ತರರು ಮಿಠಾಯಿ ಹಂಚುವುದನ್ನೇ ಮರೆತು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು.

ಈಗ ಖಾದರನ ಆರ್ಕೆಸ್ಟ್ರಾ ಸೇರಿ, ಕನ್ನಡಿಯ ಮುಂದೆ ನಿಂತು ನಗುನಗುತ್ತ ಹಾಡುವುದನ್ನು ರೂಢಿ ಮಾಡಿಕೊಂಡಿದ್ದ. ಹಳೆಯ ಸುದ್ದಿಯನ್ನು ಖಾದರನಿಗೆ ಹೇಳಿರಲಿಲ್ಲ. ಆದರೆ ರಾಜೂರಿನಲ್ಲಿ ಅವನು ಹಾಡದ ಓಣಿಯೇ ಇರಲಿಲ್ಲ. ಸಾವಿನ ಮನೆಯ ಹಾಡುಗಾರ ಮದುವೆಯ ಮಂಟಪದಲ್ಲಿ ಕಂಡರೆ ಅವರು ಸುಮ್ಮನೆ ಬಿಡುತ್ತಾರೆಯೇ?

“ಖಾದರಣ್ಣಾ, ನನಗ ಗಂಟಲಾ ಹಿಡದೈತಿ. ನಾ ಟೆಂಪೋದಾಗ ಕುಂದರ್ತೀನಿ.”

“ಗಂಟಲಾ ಹಿಡದಿದ್ರ ಮಾತ ಹ್ಯಾಂಗ ಬರಾಕತ್ತಾವು? ಮದಲನೇ ಸಲಾ ಎಲ್ಲಾರಿಗೂ ಹಿಂಗಽ ಆಗತೈತಿ” ಎಂದ ಖಾದರ. ಕೀಬೋರ್ಡ್ ನುಡಿಸುವವನೂ ಮಾಲೀಕನೂ ಅವನೇ ಆಗಿದ್ದರಿಂದ ಮಾತು ಅಲ್ಲಿಗೆ ಮುಗಿಯಿತು. ಡೋಲಕ್ಕಿನವನು ಕಳಕೇಶನ ಬಾಯಿಗೆ ಲವಂಗ ತುರುಕಿದ. ಡ್ರೈವರು ಬಿಸಿನೀರು ಕುಡಿಸಿ ನಾಲಗೆ ಸುಟ್ಟ. ಕಳಕೇಶ ಬೇಡಿಕೊಂಡ ಮೇಲೆ ಜಬೀನ ತನ್ನ ಕಪ್ಪು ಕನ್ನಡಕ ಕೊಟ್ಟಳು. ಅದರ ಅಂಚಿಗೆಲ್ಲ ಹೊಳೆಯುವ ಹರಳುಗಳಿದ್ದವು.

ಆ ಕನ್ನಡಕ ಹಾಕಿಕೊಂಡು ವೇದಿಕೆ ಹತ್ತಿದವನು ಮೊದಲ ಸಾಲು ನೋಡಿಯೇ ಅದನ್ನು ಮೂಗಿನ ಮೇಲೆ ಇನ್ನಷ್ಟು ಒತ್ತಿಕೊಂಡ. ಮುದುಕಿ ಹೊಳೆವ್ವ, ಅವಳ ಗಂಡ ಹೋದಾಗ ಇವನೇ ಹಾಡಿದ್ದ. ಪಕ್ಕದ ರುಮಾಲಿನವ, ತಾಯಿ ಹೋದಾಗ. ಆಚೆಯ ಅಣ್ಣತಮ್ಮಂದಿರು, ಅಪ್ಪ, ಅಜ್ಜ ಇಬ್ಬರಿಗೂ. ಸಭೆಯಲ್ಲಿ ಅವನಿಗೆ ಗುರುತಿಲ್ಲದವನೆಂದರೆ ಮದುಮಗನೊಬ್ಬನೇ.

ಹಾಡು ಇದ್ದದ್ದು ಬೈಕು ಹತ್ತಿ ಸಿನಿಮಾಕ್ಕೆ ಹೊರಟ ಜೋಡಿಯದು. ಮೊದಲ ಸಾಲಿನಲ್ಲಿ ಬೈಕು ಚಲೋ ಓಡಿತು. ಎರಡನೇ ಸಾಲಿಗೆ ದನಿ ಜಾರಿತು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಬೈಕು ಲಾರಿಗೆ ಗುದ್ದಿ ಇಬ್ಬರೂ ತೀರಿಕೊಂಡಂತೆ ಕೇಳಿಸತೊಡಗಿತು.

ಹೊಳೆವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ರುಮಾಲಿನವನು ರುಮಾಲು ತೆಗೆದು, ಎದ್ದು ನಿಂತು ಕೈಮುಗಿದ. ಅವನನ್ನು ನೋಡಿ ಹಿಂದಿನವರೂ ಎದ್ದರು. ಊಟದ ಪಂಕ್ತಿಯಲ್ಲಿ ಯಾರೋ ಹುಗ್ಗಿಯ ಮುಂದೆ ಬಿಕ್ಕಿದ್ದು ವೇದಿಕೆಯವರೆಗೆ ಕೇಳಿಸಿತು.

“ದನಿ ಮ್ಯಾಲ ಎತ್ತೋ!” ಎಂದು ಖಾದರ ಹಲ್ಲು ಕಡಿದ.

ಎತ್ತಲು ಹೋದ. ಭಯಕ್ಕೆ ಗಂಟಲು ಇನ್ನಷ್ಟು ನಡುಗಿ, ಕನಕಪ್ಪ ಕೇಳಿದ್ದರೆ ಬೆನ್ನು ತಟ್ಟುವ ಹಾಗೆ ಬಂತು.

“ಏ, ಇಂವ ಲಕ್ಕಲಕಟ್ಟಿ ಕನಕಪ್ಪನ ಅಳಿಯ ಅಲ್ಲೇನು? ಸತ್ತೋರ ಮನ್ಯಾಗ ಹಾಡಾಂವ!” ರುಮಾಲಿನವ ಕೂಗಿದ.

ಖಾದರನ ಬೆರಳು ಕೀಬೋರ್ಡಿನ ಮೇಲೆಯೇ ನಿಂತವು. ಹೆಣ್ಣಿನ ತಂದೆ ಪರಶಪ್ಪ, ಮೀಸೆಯೇ ಅರ್ಧ ಮುಖದಷ್ಟಿದ್ದ ಆಳು, ಪಂಜೆ ಎತ್ತಿ ಕಟ್ಟಿ ವೇದಿಕೆಯತ್ತ ಬಂದ. ಕಳಕೇಶ ಮೈಕು ಬಿಸಾಡಿ ಹಿಂದಿನಿಂದ ಜಿಗಿದು ಅಡುಗೆಯ ಕಡೆಗೆ ಓಡಿದ. ಅಲ್ಲಿ ಅನ್ನ ಬಸಿಯುತ್ತಿದ್ದ ರೇಣುಕವ್ವನ ಕಾಲು ಹಿಡಿದು, “ಅಕ್ಕಾರ, ನಾ ಇಲ್ಲಿಲ್ಲ ಅಂತ ಹೇಳ್ರಿ” ಎಂದು ಹಂಡೆಯ ಹಿಂದೆ ಕೂತ.

ಪರಶಪ್ಪ ಬಂದು, “ಆ ಹಾಡಾಂವ ಎಲ್ಲಿ?” ಎಂದ.

“ಇಲ್ಲಿಲ್ಲ ಅಂತ ಹೇಳಂದಾನ್ರಿ” ಎಂದು ರೇಣುಕವ್ವ ಅನ್ನ ತಿರುವುವ ಹುಟ್ಟಿನಿಂದ ಹಂಡೆಯ ಕಡೆ ತೋರಿಸಿದಳು.

ಪರಶಪ್ಪ ಕೊರಳಪಟ್ಟಿ ಹಿಡಿದೆತ್ತಿದ. “ಯಪ್ಪಾ, ತಪ್ಪಾತ್ರಿ! ಜಲ್ಮದಾಗ ಹಾಡಂಗಿಲ್ರಿ!” ಎಂದು ಕಳಕೇಶ ಚೀರಿದ.

“ಹಾಡಲಿಲ್ಲಂದ್ರ ಕಾಲ ಮುರೀತೀನಿ” ಎಂದು ಪರಶಪ್ಪ ಅವನನ್ನು ಕೋಣೆಯೊಂದಕ್ಕೆ ಎಳೆದೊಯ್ದು ಅಗಳಿ ಹಾಕಿದ.

ಒಳಗೆ ಮದುಮಗಳು ದೇವಿಕಾ ಫೋನಿನಲ್ಲಿ ತನ್ನದೇ ಫೋಟೊ ನೋಡುತ್ತ ನಗುತ್ತಿದ್ದಳು. ಪರಶಪ್ಪನ ದನಿ ಒಮ್ಮೆಲೇ ಸಣ್ಣದಾಯಿತು. “ನೋಡ್ ತಮ್ಮಾ, ಸಂಜಿಗೆ ಹೆಣ್ಣ ಒಪ್ಪಸಬೇಕು. ಇಕಿ ಮುಂಜಾನಿಂದ ಹಲ್ಲ ಕಿಸಕೊಂಡ ಕುಂತಾಳ. ತವರಮನಿ ಬಿಡಾಕ ಒಂದ್ ಹನಿ ನೀರಿಲ್ಲಂದ್ರ ಬೀಗರು ಏನಂದಾರು? ಹ್ಯಾಂಗರ ಮಾಡಿ ಇಕೀನ ಅಳಸು.”

“ನಾ ಅಳಂಗಿಲ್ಲ, ಕಾಡಿಗಿ ಹರೀತೈತಿ” ಎಂದಳು ದೇವಿಕಾ.

ಕಳಕೇಶ ಅಗಳಿ ನೋಡಿದ, ಪರಶಪ್ಪನ ಕೈ ನೋಡಿದ, ಕಣ್ಣು ಮುಚ್ಚಿ ತವರಿನ ಹಾಡೊಂದನ್ನು ಎತ್ತಿದ. ಎರಡನೇ ಸಾಲಿಗೆ ಫೋನು ಮಡಿಲಿಗೆ ಬಿತ್ತು. ಮೂರನೇ ಸಾಲಿಗೆ ದೇವಿಕಾ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಆಮೇಲೆ ಸುಮ್ಮನಾಗಿಸಲಾಗದೆ ಹೋದದ್ದು ಪರಶಪ್ಪನನ್ನು.

ಸಂಜೆ ಹೆಣ್ಣು ಕಳಿಸುವಾಗ ಅದೇ ಹಾಡನ್ನು ಮೈಕಿನಲ್ಲಿ ಹಾಡಿಸಿದರು. ಬೀಗರ ಕಾರಿನ ಡ್ರೈವರು ಸ್ಟೇರಿಂಗಿಗೆ ಹಣೆಯಿಟ್ಟು ಅತ್ತ. ಮದುಮಗನಂತೂ ತಾಯಿಯನ್ನು ಬಿಟ್ಟು ಕಾರು ಹತ್ತಲೊಲ್ಲೆನೆಂದಾಗ ದೇವಿಕಾಳೇ ಸೆರಗಿನಿಂದ ಅವನ ಮೂಗು ಒರೆಸಿ ಕೂರಿಸಿಕೊಂಡಳು.

“ಇನ್ನ ಈ ಸೀಮ್ಯಾಗ ಯಾವ ಮದವಿ ಆದ್ರೂ ನೀನಽ ಹಾಡಬೇಕು!” ಎಂದು ಪರಶಪ್ಪ ತಬ್ಬಿಕೊಂಡ. ಬೆಳಗಿನಿಂದ ಮೊದಲ ಬಾರಿಗೆ ಕಳಕೇಶನಿಗೆ ಸರಿಯಾಗಿ ಉಸಿರು ಬಂತು. ಕೊನೆಗೂ ತಾನು ಮದುವೆಯ ಹಾಡುಗಾರನಾದೆ ಎಂದುಕೊಂಡ.

ಅಷ್ಟರಲ್ಲಿ ಹೊಳೆವ್ವ ಬಂದು ಕೈ ಹಿಡಿದಳು. “ನೀ ಹಾಡೂದ ಬಿಟ್ಟಿ ಅಂತ ಕೇಳಿ, ಇನ್ಯಾರ ಹಾಡ್ತಾರ ಅಂತ ಜೀವಾ ಹಿಡಕೊಂಡ ಕುಂತಿದ್ನೋ ಕಂದಾ. ಚಲೋ ಸಿಕ್ಕಿದಿ. ನನ್ನ ಮಣ್ಣಿಗೆ ನೀನಽ ಬರಬೇಕು.”

“ಏ ಮುದುಕಿ, ಆಚೆ ಸರಿ! ನನಗ ಸಕ್ಕರಿ ಬ್ಯಾನಿ ಐತಿ, ಮದಲ ನಂದು” ಎಂದು ರುಮಾಲಿನವ ನಡುವೆ ನುಗ್ಗಿದ. ಅವನ ಹಿಂದೆ ಕೋಲೂರಿಕೊಂಡು ಒಬ್ಬ, ಅವನ ಹಿಂದೆ ಕೆಮ್ಮುತ್ತ ಇನ್ನೊಬ್ಬಳು, ಬೀಗರ ಕಡೆಯ ಅಜ್ಜಂದಿರು ಕೂಡ ಸಾಲುಗಟ್ಟಿದರು. ಯಾರು ಮೊದಲು ಹೋಗುವವರು ಎಂದು ಜಗಳವೇ ಹತ್ತಿತು.

ಕಳಕೇಶ ಬೆವರುತ್ತ, ಕಾಪಾಡು ಎನ್ನುವಂತೆ ಖಾದರನ ಕಡೆ ತಿರುಗಿದ. ಖಾದರ ಮೈಕು ಕೈಗೆತ್ತಿಕೊಂಡ.

“ಗದ್ದಲಾ ಮಾಡಬ್ಯಾಡ್ರಿ ಹಿರ್ಯಾರ. ಒಬ್ಬೊಬ್ಬರಽ ಬರ್ರಿ. ಕೀಬೋರ್ಡ್ ಬೇಕೋ, ಬರೇ ಹಾಡೋ, ಅದನ್ನೂ ಈಗಽ ಹೇಳಿಬಿಡ್ರಿ.”