ನಾನು ಪಡಸಾಲೆ ಖಾಲಿ ಮಾಡಿದ್ದು

ಒಬ್ಬ ಮನುಷ್ಯನಿಗೆ ತನ್ನ ಸ್ವಂತ ಮನೆಯಲ್ಲಿ ತನಗೆ ಬೇಕಾದ ಹಾಗೆ ಕುಳಿತುಕೊಳ್ಳುವ ಹಕ್ಕು ಇದೆಯೋ ಇಲ್ಲವೋ ಎಂಬುದನ್ನು ಯಾವ ಕಾಯ್ದೆ ಪುಸ್ತಕವೂ ಹೇಳುವುದಿಲ್ಲ. ಹೇಳಿದ್ದರೆ ನಾನು ನನ್ನ ಹೆಂಡತಿ, ನೆರೆಮನೆಯ ಶಾಂತಪ್ಪ, ಹಿಂದಿನ ಓಣಿಯ ಸೂಲಗಿತ್ತಿ ಹುಸೇನಬಿ, ಈ ಮೂವರ ಮೇಲೂ ಒಂದೇ ದಾವೆ ಹೂಡಿಬಿಡುತ್ತಿದ್ದೆ. ನಾನೇ ವಕೀಲನಾದ್ದರಿಂದ ವಕೀಲರ ಖರ್ಚೂ ಬರುತ್ತಿರಲಿಲ್ಲ. ಆಳಂದದ ಕೋರ್ಟಿನಲ್ಲಿ ಊರವರ ಗೋಡೆ, ಮೋರಿ, ಹೊಲದ ಬದುಗಳ ಜಗಳವನ್ನೆಲ್ಲ ಬಗೆಹರಿಸಿದವನು ನಾನು. ಬೆಳೆಸಿದವನು ಎಂದು ಕೆಲವರು ಹೇಳುತ್ತಾರೆ, ಹೇಳಿಕೊಳ್ಳಲಿ. ಆದರೆ ನನ್ನ ಪಡಸಾಲೆಯ ನಾಲ್ಕು ಗೋಡೆಗಳ ನಡುವೆ ನನಗೆ ನ್ಯಾಯ ಸಿಗಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ನೀವಾದರೂ ಪೂರ್ತಿ ಕೇಳಿ ತೀರ್ಪು ಹೇಳಿ.

ನಮ್ಮ ಪಡಸಾಲೆ ಎಂದರೆ ತಲಬಾಗಿಲು ದಾಟಿದ ಕೂಡಲೇ ಸಿಗುವ ಉದ್ದನೆಯ ಜಾಗ. ಬಂದವರು ಕೂರುವುದೂ ಅಲ್ಲೇ, ನಾನು ಕಕ್ಷಿದಾರರ ಗೋಳು ಕೇಳುವುದೂ ಅಲ್ಲೇ. ಆದರೆ ಅದನ್ನು ಕಟ್ಟಿಸಿದ ನಮ್ಮ ಅಜ್ಜನಿಗೆ ಮನುಷ್ಯರು ಕೂರಬೇಕೆಂಬ ಯೋಚನೆ ಇದ್ದಂತೆ ಕಾಣುವುದಿಲ್ಲ. ಒಂದು ಬದಿಗೆ ಜೋಳದ ಚೀಲಗಳ ಸಾಲು, ಅದರ ಪಕ್ಕ ಉಳ್ಳಾಗಡ್ಡಿ ರಾಶಿ, ಮೂಲೆಯಲ್ಲಿ ಬೀಜಕ್ಕೆಂದು ಇಟ್ಟ ಶೇಂಗಾ. ಗೋಡೆಯ ತುಂಬ ಗೂಟಗಳು. ಗೂಟಗಳಿಗೆ ಹಗ್ಗ, ಬಾರುಕೋಲು, ಎತ್ತಿನ ಗೆಜ್ಜೆಸರ, ಜರಡಿ, ಎಂದೋ ತೀರಿಹೋದ ನಮ್ಮ ದೊಡ್ಡಪ್ಪನ ಛತ್ರಿ. ಗೂಟಗಳ ಮೇಲಿನ ಸಾಲಿನಲ್ಲಿ ದೇವರ ಪಟಗಳು. ಆ ದೇವರುಗಳ ನಡುವೆ ಯಾವುದೋ ಜರ್ದಾ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಒಬ್ಬ ಹೆಂಗಸು ನಗುತ್ತ ನಿಂತಿದ್ದಳು. ನಮ್ಮ ಅವ್ವ ಇರುವ ತನಕ ಅವಳನ್ನೂ ಲಕ್ಷ್ಮಿಯೆಂದೇ ತಿಳಿದು ದಿನವೂ ಊದುಬತ್ತಿ ತೋರಿಸುತ್ತಿದ್ದಳು. ಒಮ್ಮೆ ಅಫಜಲಪುರದ ದೊಡ್ಡ ಜಮೀನುದಾರನೊಬ್ಬ ಬಂದು, ಉಳ್ಳಾಗಡ್ಡಿ ರಾಶಿಯ ಪಕ್ಕ ಕುಳಿತು ಅಣ್ಣತಮ್ಮಂದಿರ ಪಾಲಿನ ತಕರಾರು ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡ. ಅದು ದುಃಖವೋ ಉಳ್ಳಾಗಡ್ಡಿಯ ಘಾಟೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೀಗೇ ಬದುಕಿ ಹೀಗೇ ಸಾಯುತ್ತಿದ್ದೆನೋ ಏನೋ. ಒಂದು ಮೊಕದ್ದಮೆಯ ಸಲುವಾಗಿ ಗುಲ್ಬರ್ಗಾದಲ್ಲಿ ಎದುರು ಪಕ್ಷದ ಹಿರಿಯ ವಕೀಲರ ಬಂಗಲೆಗೆ ಹೋಗಬೇಕಾಯಿತು. ಅವರ ದಿವಾನಖಾನೆಯೊಳಗೆ ಕಾಲಿಟ್ಟೆ ನೋಡಿ, ಅಲ್ಲಿ ಏನೂ ಇರಲಿಲ್ಲ. ಹಾಲಿನಂಥ ಬಿಳಿ ಗೋಡೆ. ಒಂದು ಜಮಖಾನೆ, ಬಿಳಿ ಹಾಸಿನ ಒಂದು ಗಾದಿ, ಒರಗಲು ಒಂದು ಲೋಡು, ಒಂದು ಕುರ್ಚಿ. ಗೋಡೆಯ ಮಾಡದಲ್ಲಿ ಒಂದು ತಂಬಿಗೆ, ಅದರಲ್ಲಿ ಒಂದು ಹೂವು. ಮುಗಿಯಿತು. ಬಿಸಿಲಿನಲ್ಲಿ ನಡೆದು ಬಂದಿದ್ದ ನನಗೆ ಮೈಯೆಲ್ಲ ತಣ್ಣಗಾಯಿತು, ಕಿವಿಯೊಳಗೆ ವರ್ಷಗಟ್ಟಲೆ ಗುಂಯ್ ಎನ್ನುತ್ತಿದ್ದದ್ದೇನೋ ಥಟ್ಟನೆ ನಿಂತಿತು. ಆ ಹಿರಿಯರು ಮೆಲ್ಲಗೆ ಒಂದು ರಾಜಿ ಮಾತು ಹೇಳಿದರು. ನಾನು ಹೂಂ ಎಂದೆ. ಹೊರಗೆ ಬಂದು ಬಿಸಿಲು ತಲೆಗೆ ಬಡಿದ ಮೇಲೆ ನನ್ನ ಕಕ್ಷಿದಾರನ ಹೊಲದಲ್ಲಿ ಒಳ್ಳೆಯ ತುಂಡನ್ನೇ ಬಿಟ್ಟುಕೊಟ್ಟಿದ್ದೇನೆಂದು ತಿಳಿಯಿತು. ಆದರೆ ನನಗೆ ಆ ಹಿರಿಯರ ಮೇಲೆ ಸಿಟ್ಟು ಬರಲಿಲ್ಲ. ಇಂಥ ಪಡಸಾಲೆ ನನಗೂ ಬೇಕು ಅನಿಸಿತು.

ಮನೆಗೆ ಬಂದು ಹೆಂಡತಿ ನೀಲಮ್ಮನಿಗೆ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವುತ್ತ, ಏನೂ ಇಲ್ಲದ ಪಡಸಾಲೆ ಹೆಣ ಎತ್ತಿದ ಮನೆಯ ಹಾಗೆ ಕಾಣುತ್ತದೆ ಎಂದಳು. ನಾನು ಮನಸ್ಸಿನ ಶಾಂತಿಯ ಬಗ್ಗೆ ಮಾತಾಡಿದೆ. ಅವಳು ಜೋಳದ ಚೀಲ ಎಲ್ಲಿಡುವುದೆಂದು ಕೇಳಿದಳು. ಒಂದು ವಾರ ಹೀಗೇ ನಡೆಯಿತು. ಚೀಲ ಬೇಕೇ ಬೇಕು, ಛತ್ರಿ ಹಿರಿಯರದು, ಜರಡಿ ದಿನಾ ಬೇಕು, ಗೆಜ್ಜೆಸರ ಹಬ್ಬಕ್ಕೆ ಬೇಕು. ಬೇಡವಾದದ್ದು ಒಂದೇ, ಆ ಕ್ಯಾಲೆಂಡರಿನ ಹೆಂಗಸು. ಕೊನೆಗೆ ನಾನು ಕೋರ್ಟಿನಲ್ಲಿ ಎತ್ತುವ ದನಿಯನ್ನು ಮನೆಯಲ್ಲೂ ಎತ್ತಿ ಗೆದ್ದೆ. ಭೂಸನೂರಿನಲ್ಲಿ ನಮ್ಮ ಚಿಗವ್ವನ ಮಗನ ಹೊಲದಲ್ಲಿ ಒಂದು ದೊಡ್ಡ ಗುಡಿಸಲು ಇತ್ತು. ಸಾಮಾನನ್ನೆಲ್ಲ ಬಂಡಿಗೆ ಹೇರಿ ಅಲ್ಲಿಗೆ ಕಳಿಸಿದೆ. ದೇವರ ಪಟಗಳು ಒಳಗಿನ ಕೋಣೆಗೆ ಹೋದವು. ಗೂಟಗಳನ್ನೆಲ್ಲ ಕೀಳಿಸಿ, ತೂತುಗಳಿಗೆ ಮಣ್ಣು ಮೆತ್ತಿಸಿ, ಸುಣ್ಣಕ್ಕೆ ಚೂರು ನೀಲಿ ಕಲಸಿ ಬಳಿಸಿದೆ. ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯಿಂದ ಒಂದು ತೇಗದ ಕುರ್ಚಿ ಕೊಂಡೆ. ಜಮಖಾನೆ, ಬಿಳಿ ಹಾಸಿನ ಗಾದಿ, ಲೋಡು ಬಂದವು. ಮಾಡದಲ್ಲಿ ತಂಬಿಗೆ ಇಟ್ಟು ಒಂದು ಕಣಗಿಲೆ ಹೂ ಸಿಕ್ಕಿಸಿದೆ.

ಚೆಂದ ಎಂದರೆ ಚೆಂದ. ಮೊದಲ ದಿನ ಕೋರ್ಟಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿಯೇ ನೋಡಿದೆ. ಆಮೇಲೆ ಎಂದಿನಂತೆ ತಲೆಯ ರುಮಾಲು ತೆಗೆದು ಕೈ ಎತ್ತಿದರೆ ಗೂಟ ಇಲ್ಲ. ಕೋಟು ಬಿಚ್ಚಿದರೆ ಅದಕ್ಕೂ ಗೂಟ ಇಲ್ಲ. ಕುರ್ಚಿಯ ಮೇಲೆ ಹಾಕಿದರೆ ಚೆಂದ ಕೆಡುತ್ತದೆ. ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಗಾದಿಯ ಮೇಲೆ ಕುಳಿತು ಶಾಂತಿಯನ್ನು ಅನುಭವಿಸಿದೆ. ಒಮ್ಮೆ ಕೆಮ್ಮಿದೆ, ಆ ಕೆಮ್ಮು ಖಾಲಿ ಗೋಡೆಗಳಿಗೆ ಬಡಿದು ಇನ್ನೊಬ್ಬ ವಕೀಲ ಕೆಮ್ಮಿದಂತೆ ವಾಪಸು ಬಂತು. ಇದನ್ನು ನಾನು ಹೆಂಡತಿಗೆ ಹೇಳಿರಲಿಲ್ಲ. ನಿಮಗೂ ಹೇಳಬೇಕೆಂದಿರಲಿಲ್ಲ, ಬಾಯಿ ತಪ್ಪಿ ಬಂತು.

ಈಗ ಆ ಕಾಲ ಎಂಥದೆಂದು ನೆನಪಿಸಬೇಕು. ಗಡಬಡಿಯ ವರ್ಷ ಅದು. ಆಚೆ ಕಡೆ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಾವು ಮಾತ್ರ ಇನ್ನೂ ನಿಜಾಮರ ಸರ್ಕಾರದಲ್ಲೇ ಇದ್ದೆವು. ಮುಂದೇನೆಂದು ಯಾರಿಗೂ ತಿಳಿಯದು, ದಿನಕ್ಕೊಂದು ಸುದ್ದಿ. ಧೈರ್ಯಗೆಟ್ಟವರು ಬಂಡಿ ಕಟ್ಟಿಕೊಂಡು ಗಡಿ ದಾಟಿ ಸೋಲಾಪುರ ಸೇರುತ್ತಿದ್ದರು. ಹೋಗುವವರು ಯಾರೂ ಹೋಗುತ್ತೇವೆಂದು ಹೇಳಿ ಹೋಗುತ್ತಿರಲಿಲ್ಲ. ಸೋದರತ್ತೆಗೆ ಹುಷಾರಿಲ್ಲ ಎನ್ನುವರು, ಬೀಗರ ಮನೆಯಲ್ಲಿ ಬಸುರಿಗೆ ಕುಬಸದ ಕಾರ್ಯ ಎನ್ನುವರು. ಮರುದಿನ ನೋಡಿದರೆ ಅವರ ಮನೆ ಖಾಲಿ. ಹೀಗಾಗಿ ಆ ವರ್ಷ ನಮ್ಮೂರಲ್ಲಿ ‘ಖಾಲಿ’ ಎಂಬ ಮಾತಿಗೆ ಒಂದೇ ಅರ್ಥ ಉಳಿದಿತ್ತು. ದಾವೆಯಲ್ಲಿ ಒಂದೊಂದು ಶಬ್ದಕ್ಕೂ ಹತ್ತು ಅರ್ಥ ಹಚ್ಚುವ ನಾನು ಇದನ್ನು ಗಮನಿಸಲಿಲ್ಲ. ಓಣಿಯಲ್ಲಿ ಯಾರಾದರೂ ಏನು ನಡೆಸಿದ್ದೀರಿ ಎಂದು ಕೇಳಿದರೆ, ಪಡಸಾಲೆ ಖಾಲಿ ಮಾಡಿದೆ ಎಂದು ಎದೆ ಉಬ್ಬಿಸಿ ಹೇಳುತ್ತ ತಿರುಗಿದೆ.

ಮೊದಲು ಓಡಿ ಬಂದವನು ನೆರೆಮನೆಯ ಶಾಂತಪ್ಪ. ಕಿರಾಣಿ ಅಂಗಡಿಯವನು, ಹೆಸರಿನಲ್ಲಿ ಬಿಟ್ಟರೆ ಅವನಲ್ಲಿ ಎಲ್ಲೂ ಶಾಂತಿ ಇಲ್ಲ. ನನ್ನ ಗಾದಿಯನ್ನೂ ನೋಡಲಿಲ್ಲ, ಹೂವನ್ನೂ ನೋಡಲಿಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ, ಮಣ್ಣು ಮೆತ್ತಿದ ತೂತುಗಳ ಮೇಲೆ ಬೆರಳಾಡಿಸಿದ. ಅವನ ಕಣ್ಣಲ್ಲಿ ನೀರು.

“ಹೋಗವರು ಗೂಟಾ ಬಿಟ್ಟು ಹೋಗ್ತಾರ್ರಿ, ವಕೀಲ್ರೆ. ನೀವು ಗೂಟಾ ಸೈತ ಕಿತ್ತೀರಿ ಅಂದ್ರ, ಇನ್ನ ತಿರುಗಿ ಬರೂದಿಲ್ಲಂತ ಆತು. ನಮಗರ ಒಂದ್ ಮಾತ ಹೇಳಬಾರದಿತ್ತೇನ್ರಿ?”

ನನಗೆ ರೇಗಿತು. ಎಲ್ಲಿಗೂ ಹೋಗುವುದಿಲ್ಲ, ಇದೊಂದು ಹೊಸ ನಮೂನೆಯ ಪಡಸಾಲೆ ಎಂದೆ. ಅವನು ತಲೆಯಾಡಿಸಿದ. “ಮನಸ್ಸಿಗೆ ಶಾಂತ ಅನ್ನಸ್ತದ ಅಂತ ಮಾಡೀನೋ ಶಾಂತಪ್ಪ,” ಎಂದೆ.

“ಹೌದ್ರಿ,” ಎಂದ ಅವನು ಮೂಗು ಒರೆಸಿಕೊಂಡು. “ಸೋಲಾಪುರದಾಗ ಶಾಂತ ಅದ ಅಂತ ನಾನೂ ಕೇಳೀನಿ.”

ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ? ಸಂಜೆಯೊಳಗೆ ಸುದ್ದಿ ಓಣಿಯೆಲ್ಲ ಹಬ್ಬಿತು. ವಕೀಲರು ಕೋರ್ಟಿನಲ್ಲಿ ಅಧಿಕಾರಿಗಳ ನಡುವೆ ಕೂರುವವರು, ಅವರಿಗೆ ಒಳಗಿನ ಸುದ್ದಿ ಗೊತ್ತು, ಅದಕ್ಕೇ ಗೂಟ ಕಿತ್ತಿದ್ದಾರೆ ಎಂದು ಜನ ತೀರ್ಮಾನಿಸಿದರು. ಬಂಡಿ ಭೂಸನೂರಿಗೆ ಹೋಯಿತೆಂದು ಹೇಳಿದರೆ, ಭೂಸನೂರಿನ ನೆವ ಚೆನ್ನಾಗಿದೆ ಎಂಬಂತೆ ಮುಗುಳ್ನಕ್ಕರು. ನಾನು ಹೋಗುವುದಿಲ್ಲ ಎಂದಷ್ಟೂ ಹೋಗುವುದು ಪಕ್ಕಾ ಆಯಿತು. ಇಷ್ಟು ವರ್ಷ ಕೋರ್ಟಿನಲ್ಲಿ ನಾನು ಹೇಳಿದ ಸುಳ್ಳನ್ನೆಲ್ಲ ನಂಬಿದ ಜನ, ಖರೇ ಹೇಳಿದ ದಿನ ನಂಬಲಿಲ್ಲ. ಹಜಾಮ ಬಂದು ಹೇಗಿದ್ದರೂ ಹೋಗುತ್ತೀರಿ, ಕುರ್ಚಿ ನನಗೆ ಬಿಟ್ಟುಹೋಗಿ ಎಂದ. ಇನ್ನೊಬ್ಬ ಮನೆ ಬಾಡಿಗೆಗೆ ಕೇಳಿದ. ಬಂದವರೆಲ್ಲ ಗೋಡೆ ನೋಡಿ ನಿಟ್ಟುಸಿರು ಬಿಟ್ಟರು. ಪಡಸಾಲೆ ಚೆಂದ ಇದೆ ಎಂಬ ಒಂದು ಮಾತು, ಅಪ್ಪಿತಪ್ಪಿಯೂ ಒಬ್ಬರ ಬಾಯಿಂದ ಬರಲಿಲ್ಲ.

ಬರೀ ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಶಾಂತಪ್ಪನ ಮಗಳು ಗಂಗಾ ಜೇವರ್ಗಿಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿದ್ದವು. ಆ ಹುಡುಗಿಯನ್ನು ಬಂಡಿಯಲ್ಲಿ ಹಾಕಿಕೊಂಡು ಮರುದಿನ ಬೆಳಿಗ್ಗೆಯೇ ಸೋಲಾಪುರಕ್ಕೆ ಹೊರಡುವುದೆಂದು ಶಾಂತಪ್ಪ ಗಂಟುಮೂಟೆ ಕಟ್ಟತೊಡಗಿದ. ಅವನ ಹಿಂದೆ ಓಣಿಯ ಇನ್ನಷ್ಟು ಮನೆಗಳಲ್ಲಿ ಬಂಡಿಗೆ ಸಾಮಾನು ಹೇರುವ ಸದ್ದು ಕೇಳಿಸಿತು. ಬೆಳಿಗ್ಗೆ ನೀಲಮ್ಮ ನನ್ನ ಎದುರು ಬಂದು ನಿಂತಳು. ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು.

“ಆ ದಾರಿ ಹೆಂಗದ ಅಂತ ನಿಮಗ ಗೊತ್ತದ. ನಿಮ್ಮ ಶಾಂತಿ ಸಲುವಾಗಿ ಆ ಹುಡುಗಿ ಬಂಡ್ಯಾಗ ಹಡೀಬೇಕೇನ್ರಿ? ಹೋಗಿ ನಿಲ್ಲಸ್ರಿ.”

ಕೋಟು ತೊಟ್ಟು ರುಮಾಲು ಸುತ್ತಿ ಹೋದೆ. ಬಂಡಿಯ ನೊಗ ಹಿಡಿದುಕೊಂಡು ವಾದ ಮಾಡಿದೆ. ಹೈದರಾಬಾದಿನ ದೊಡ್ಡ ಕೋರ್ಟಿನಲ್ಲಿ ಆ ವಾದ ಮಾಡಿದ್ದರೆ ಗೆಲ್ಲುತ್ತಿದ್ದೆ. ಶಾಂತಪ್ಪ ಎಲ್ಲ ಕೇಳಿ ಒಂದೇ ಮಾತು ಅಂದ: ಖರೇ ಇರುವವರಾದರೆ ಸಾಮಾನು ವಾಪಸು ತರಿಸಿ, ಆ ಗೋಡೆಗೆ ಗೂಟ ಹೊಡೆಸಿ, ಆಮೇಲೆ ನಂಬುತ್ತೇನೆ. ಆ ಸುಣ್ಣದ ಗೋಡೆಗೆ ಗೂಟ! ಅವನಿಗೆ ತಕ್ಕ ಉತ್ತರ ಕೊಡಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಬಂಡಿ ಹತ್ತಲು ಕಾಲೆತ್ತಿದ್ದ ಗಂಗಾ ಗಾಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಸಿದಳು.

ಅವರ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಒಲೆ ಆರಿಸಿದ್ದರು, ಮಲಗುವ ಹೊರಸು ಬಿಚ್ಚಿ ಕಟ್ಟಿದ್ದರು, ನೆಲದ ತುಂಬ ಗಂಟುಗಳು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ನೀಲಮ್ಮ ಗಂಗಾಳ ರಟ್ಟೆ ಹಿಡಿದು ಎಬ್ಬಿಸಿದಳು. “ನಮ್ಮ ಪಡಸಾಲಿಗೆ ನಡೀರಿ,” ಎಂದಳು, “ಖಾಲಿ ಅದ.”

ಸೂಲಗಿತ್ತಿ ಹುಸೇನಬಿ ಬಂದಳು. ಓಣಿಯ ಅರ್ಧ ಜನರನ್ನು, ನನ್ನನ್ನೂ ಸೇರಿಸಿ, ಈ ಲೋಕಕ್ಕೆ ಎಳೆದು ಹಾಕಿದವಳು ಅವಳೇ. ಅದಕ್ಕೇ ಯಾರ ಮುಲಾಜೂ ಇಲ್ಲ. ಸುತ್ತ ಒಮ್ಮೆ ನೋಡಿ, ಜಾಗ ಸಾಫ್ ಇದೆ ಎಂದಳು. ನನ್ನ ಪಡಸಾಲೆಗೆ ಸಿಕ್ಕ ಮೊದಲ ಹೊಗಳಿಕೆ ಅದು, ಕೊನೆಯದೂ ಅದೇ. ನಾನು ಆ ಸಂತೋಷದಲ್ಲಿ, ಗುಲ್ಬರ್ಗಾದ ದಿವಾನಖಾನೆಗಳ ವಿಷಯ ಹೇಳಲು ಹೊರಟೆ. “ಕುರ್ಸಿ ನನಗಿರ್ಲಿ,” ಎಂದಳು ಅವಳು, “ವಕೀಲಸಾಬ, ನೀವು ಹೊರಗ ನಡೀರಿ.” ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದರು. ಗಾದಿಯ ಬಿಳಿ ಹಾಸನ್ನು ಪರ್ ಪರ್ ಎಂದು ಹರಿಯುವ ಸದ್ದು ಕಟ್ಟೆಯ ಮೇಲೆ ಕೂತಿದ್ದ ನನಗೆ ಕೇಳಿಸಿತು. ಮಾಡದ ತಂಬಿಗೆಯೂ ಬಿಸಿನೀರಿಗೆ ಹೋಯಿತೆಂದು ಆಮೇಲೆ ಗೊತ್ತಾಯಿತು.

ಪಕ್ಕದಲ್ಲಿ ಶಾಂತಪ್ಪ ಕೂತಿದ್ದ. ಒಳಗಿನಿಂದ ಆ ಹುಡುಗಿ ಕೂಗಿದಾಗಲೆಲ್ಲ ಅವನು ನನ್ನ ಕೋಟಿನ ತೋಳು ಹಿಡಿಯುವನು. ಅವನನ್ನು ಬೈಯಬೇಕೆಂದು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಹಾಗೇ ಉಳಿದವು. ನನಗೂ ಹೆದರಿಕೆಯಾಗಿತ್ತು. ಆ ಹೆದರಿಕೆಯಲ್ಲೂ, ಇದಕ್ಕೆಲ್ಲ ಕಾರಣ ಗುಲ್ಬರ್ಗಾದ ಆ ಹಿರಿಯ ವಕೀಲರು ಎಂದು ಅವರ ಮೇಲೆ ಸಿಟ್ಟು ಬಂತು. ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ಗೋಡೆಯ ಮೇಲೆ ಏನೂ ಇಲ್ಲದ ಪಡಸಾಲೆಯಲ್ಲವೇ, ಆ ಅಳು ಗೋಡೆಯಿಂದ ಗೋಡೆಗೆ ಬಡಿದು ಓಣಿಯ ಕೊನೆಯ ತನಕ ಕೇಳಿಸಿತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ ಎಂದು ನೀಲಮ್ಮ ಬಾಗಿಲ ಸಂದಿಯಿಂದ ಹೇಳಿದಳು. ಶಾಂತಪ್ಪ ನನ್ನ ತೋಳಿಗೇ ಮುಖ ಒರೆಸಿಕೊಂಡ.

ಬಾಣಂತಿಯನ್ನು ಅಲುಗಿಸುವಂತಿಲ್ಲ, ಗಾಳಿ ತಾಗುವಂತಿಲ್ಲ. ಬಾಗಿಲಿಗೆ ಅಡ್ಡ ಪರದೆ ಬೇಕು, ತೊಟ್ಟಿಲ ಹಗ್ಗಕ್ಕೆ ಆಸರೆ ಬೇಕು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಗೂಟಗಳು ಬಂದವು, ಸುತ್ತಿಗೆ ಬಂತು. ನನ್ನ ನೀಲಿ ಸುಣ್ಣದ ಗೋಡೆಗೆ ಒಂದೊಂದೇ ಏಟು ಬಿತ್ತು. ಶಾಂತಪ್ಪ ಕಿವಿಗೊಟ್ಟು ಕೇಳಿದ. ನಮ್ಮ ಕಡೆ ಒಬ್ಬ ಜಾಗ ಬಿಟ್ಟು ಏಳುವುದಿಲ್ಲವೆಂದರೆ ಗೂಟ ಹೊಡೆದುಕೊಂಡು ಕೂತಿದ್ದಾನೆ ಎನ್ನುತ್ತಾರೆ. ಅವನು ಎದ್ದು ಹೋಗಿ ತನ್ನ ಬಂಡಿಯ ಹಗ್ಗ ಬಿಚ್ಚಿದ. ವಕೀಲರು ಗೂಟ ಹೊಡೆಸಿದರಂತೆ, ಬಾಣಂತಿಯನ್ನು ಮನೆಯಲ್ಲಿಟ್ಟುಕೊಂಡಿದ್ದಾರಂತೆ ಎಂಬ ಸುದ್ದಿ ಹಬ್ಬಿ, ಸಂಜೆಯೊಳಗೆ ಉಳಿದ ಬಂಡಿಗಳ ಹೇರೂ ಇಳಿಯಿತು.

ಆಮೇಲಿನದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ. ತಿಂಗಳೊಪ್ಪತ್ತಿನಲ್ಲಿ ಗೋಡೆಗಳು ರೊಟ್ಟಿ ಹಂಚಿನ ಬಣ್ಣಕ್ಕೆ ತಿರುಗಿದವು. ಜಮಖಾನೆ ಬಾಗಿಲಿಗೆ ಪರದೆಯಾಯಿತು. ಭೂಸನೂರಿನಿಂದ ಚೀಲ, ಉಳ್ಳಾಗಡ್ಡಿ, ಛತ್ರಿ ಎಲ್ಲ ಮೆರವಣಿಗೆಯಂತೆ ವಾಪಸು ಬಂದವು. ಗಂಗಾ ಜೇವರ್ಗಿಗೆ ಹೋದಳು, ಗಡಬಡಿಯೂ ಒಂದು ದಿನ ಮುಗಿಯಿತು, ತೊಟ್ಟಿಲು ಮಾತ್ರ ನಮ್ಮಲ್ಲೇ ಉಳಿಯಿತು. ನಿಮ್ಮ ಪಡಸಾಲೆಯಿಂದ ಓಣಿಗೆಲ್ಲ ಶಾಂತವಾಯಿತು ಎಂದು ಶಾಂತಪ್ಪ ಇವತ್ತಿಗೂ ಕೈ ಮುಗಿಯುತ್ತಾನೆ. ನಾನು ಕೇಳಿದ್ದು ಆ ಶಾಂತಿ ಅಲ್ಲವೆಂದು ಅವನಿಗೆ ತಿಳಿಸಿ ಹೇಳುವುದು ನನ್ನಿಂದ ಆಗಲಿಲ್ಲ.

ಇಷ್ಟು ಸಾಲದೆಂದು ನೀಲಮ್ಮ ಒಂದು ಕತೆ ಕಟ್ಟಿದ್ದಾಳೆ. ಬಾಣಂತಿಯ ಪರದೆಗೆಂದು ಬಾಗಿಲ ಪಕ್ಕ ಹೊಡೆಸಿದ ಮೊದಲ ಗೂಟಕ್ಕೆ, ಪರದೆ ಹಾಕುವ ಮೊದಲೇ ಹೊರಗಿನಿಂದ ಒಂದು ಕೈ ಬಂದು ಕೋಟು ನೇತುಹಾಕಿತಂತೆ. ಬಂದವರಿಗೆಲ್ಲ ಇದನ್ನು ಹೇಳಿ ನಗಿಸುತ್ತಾಳೆ. ಇದು ಶುದ್ಧ ಸುಳ್ಳು, ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಮೊದಲು ಹಾಕಿದ್ದು ರುಮಾಲು. ಕೋಟು ಆಮೇಲೆ.