ಶಾರದಾಬಾಯಿಯ ಪಾಸು

ಈ ಎಲ್ಲ ರಾಮಾಯಣ ಶುರುವಾದದ್ದು ಒಂದು ಫೋಟೋದಿಂದ. ವಿದ್ಯಾಪೀಠದ ಗೇಟಿನಲ್ಲಿ ಕಾವಲುಗಾರ ಮರೆಪ್ಪ ಪಾಸನ್ನು ಕೈಗೆ ತೆಗೆದುಕೊಂಡ. ಅದರ ಮೇಲಿನ ಮುಖ ನೋಡಿದ, ಎದುರಿಗೆ ನಿಂತ ನಾಗಣ್ಣನವರ ಮುಖ ನೋಡಿದ, ಮತ್ತೆ ಪಾಸು ನೋಡಿದ.

"ನೀವು ಶಾರದಾಬಾಯಿ ಏನ್ರಿ?"

"ನಾ ಆಕಿ ಗಂಡ ಅದೀನಿ."

"ಫೋಟೋದಾಗ ಮೀಸಿ ಇಲ್ಲಲ್ರಿ."

"ಆಕಿಗೆಲ್ಲಿಂದ ಬರ್ತಾವೋ ಮಾರಾಯ ಮೀಸಿ."

"ಅದನ್ನ ಹೇಳಾಕತ್ತೀನ್ರಿ ನಾನೂ. ಪಾಸಿನ ಮ್ಯಾಲ ಯಾರ ಮಾರಿ ಐತಿ ಅವರಿಗಷ್ಟ ಎಂಟ್ರಿ. ಮೊದಲಿನಂಗ ಯಾರದರೆ ಪಾಸ್ ತೋರಿಸಿ ಒಳಗ ಹೋಗಿ ಅಡ್ಡಾಡೂದು ಬಂದ್ ಆಗೇತಿ. ಹೋದ ತಿಂಗಳಿಂದ ಹೊಸ ಆರ್ಡರ್." ಮರೆಪ್ಪ ಪಾಸನ್ನು ವಾಪಸು ಕೊಟ್ಟು, ಗೇಟಿನ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದ.

ನಾಗಣ್ಣನವರದು ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಚಾದರದ ಅಂಗಡಿ. ನಲವತ್ತು ವರ್ಷ ಆ ಗಾದಿ ಬಿಟ್ಟು ಎದ್ದವರಲ್ಲ. ಅವರ ಹೆಂಡತಿ, ಅಕ್ಕಲಕೋಟೆಯ ಮಗಳು ಶಾರದಾಬಾಯಿ, ಹನ್ನೊಂದು ವರ್ಷ ತಪ್ಪದೆ ಪ್ರತಿ ಮುಂಜಾನೆ ಈ ವಿದ್ಯಾಪೀಠದ ಆವರಣಕ್ಕೆ ಅಡ್ಡಾಡಲು ಬರುತ್ತಿದ್ದರು. ಊರಿನ ತುಂಬ ಧೂಳು, ಹೊಗೆ. ಇಲ್ಲಿ ಮಾತ್ರ ಕಣ್ಣು ಹಾಯುವಷ್ಟು ಹಸಿರು ಹುಲ್ಲು, ಸಾಲು ಬೇವಿನ ಮರ. ನೀರಿನ ಟಾಕಿಯ ಪಕ್ಕದ ಬೇವಿನ ಕೆಳಗೆ ಒಂದು ಕಲ್ಲಿನ ಬೆಂಚು. ಮನೆಗೆ ಮರಳಿ ಚಹಾ ಸೋಸುತ್ತ ದಿನವೂ ಅದೇ ಬೆಂಚಿನ ಮಾತು.

"ಒಂದ ದಿನ ನೀವೂ ಬರ್ರಿ. ನೆಳ್ಳಾಗ ಇಬ್ಬರೂ ಕೂಡೂಣು."

"ನೆಳ್ಳ ಅಂಗಡ್ಯಾಗೂ ಐತಿ," ಎನ್ನುತ್ತಿದ್ದರು ನಾಗಣ್ಣ.

ಒಮ್ಮೆ ಆಕೆ ಇವರಿಗೆಂದು ಒಂದು ಜೊತೆ ಬಿಳಿ ಬೂಟನ್ನೂ ತಂದರು. ಅದು ಡಬ್ಬಿಯಲ್ಲೇ ಉಳಿಯಿತು. ಒಂದು ದಿನ ಆಕೆ ಅಡ್ಡಾಡಿ ಬಂದವರು ಎದೆ ನೋವೆಂದು ಮಲಗಿದರು, ಏಳಲಿಲ್ಲ. ಇವತ್ತಿಗೆ ವರ್ಷವಾಯಿತು. ಮಧ್ಯಾಹ್ನ ಬೀಗರು ಬರುತ್ತಾರೆ, ಮನೆಯಲ್ಲಿ ಸೊಸೆ ಪೂನಮ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಳೆ. ಅದಕ್ಕೂ ಮೊದಲು, ಹನ್ನೆರಡು ವರ್ಷ ತಡವಾದರೂ ಸರಿ, ಆ ಬೆಂಚಿನ ಮೇಲೆ ಒಂದು ಗಳಿಗೆ ಕೂತು ಬರಬೇಕು. ನಾಗಣ್ಣನವರಿಗೆ ಬೇಕಾಗಿದ್ದದ್ದು ಅಷ್ಟೇ. ಬಿಳಿ ಬೂಟು ಹಾಕಿಕೊಂಡು, ಆಕೆಯ ಪಾಸನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಮುಂದೆ ಆಕೆಯ ಮುಖವಿದ್ದ ಕಾರ್ಡು, ಅದರ ಬೆನ್ನಿಗೆ ಆಕೆಯೇ ಸೇರಿಸಿಟ್ಟ ಸಿದ್ಧರಾಮೇಶ್ವರನ ಚಿಕ್ಕ ಪಟ. ವರ್ಷದಿಂದ ನಾಗಣ್ಣ ದಿನವೂ ಆ ಪಟವನ್ನು ಕಣ್ಣಿಗೊತ್ತಿಕೊಂಡೇ ಅಂಗಡಿ ತೆರೆಯುತ್ತಿದ್ದರು.

ಗೇಟಿನಾಚೆ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದವರು ಪಕ್ಕದ ಮನೆಯ ಕಲ್ಯಾಣಪ್ಪ. ಮೂವತ್ತು ವರ್ಷ ಯಾವುದೋ ಸರಕಾರಿ ಕಚೇರಿಯಲ್ಲಿ ಜನರ ಅರ್ಜಿಗಳನ್ನು ತಿರುಗಿ ಕಳಿಸಿ ನಿವೃತ್ತರಾದವರು, ಈಗ ಪುಕ್ಕಟೆ ಸಲಹೆ ಕೊಟ್ಟು ಆ ಪಾಪ ತೊಳೆಯುತ್ತಿದ್ದರು. ಅವರ ಸಲಹೆಯಿಂದ ಕೆಲಸ ಆದವರು ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಬರುವಾಗಲೇ ನಾಗಣ್ಣನವರ ಕಂಕುಳಿಗೆ ಒಂದು ದಪ್ಪ ಫೈಲು ತುರುಕಿದ್ದರು: ಲೈಟ್ ಬಿಲ್ಲು, ರೇಶನ್ ಕಾರ್ಡು, ಆಧಾರ್, ಶಾರದಾಬಾಯಿಯವರ ಮೃತ್ಯು ದಾಖಲೆ, ಸಾಲದ್ದಕ್ಕೆ ಇವರ ಮದುವೆಯ ಲಗ್ನಪತ್ರಿಕೆ.

"ಲಗ್ನಪತ್ರಿಕಿ ಯಾತಕ್ಕ?" ಎಂದು ನಾಗಣ್ಣ ಕೇಳಿದ್ದರು.

"ಇರ್ಲಿ ಬಿಡ್ರಿ. ಕಾಗದ ಹೆಚ್ಚಾಗಿ ಯಾವ ಕೆಲಸಾನೂ ಕೆಟ್ಟಿಲ್ಲ."

ಈಗ ಮರೆಪ್ಪನ ಸುದ್ದಿ ಕೇಳಿ ಕಲ್ಯಾಣಪ್ಪ ಸ್ವಲ್ಪವೂ ಎದೆಗುಂದಲಿಲ್ಲ. "ಮುಂದಿನ ಬಾಗಲಾ ಮುಚ್ಚಿದ್ರ ಹಿಂದಿಂದು ಇರ್ತೈತಿ. ಕುಂದರ್ರಿ ಗಾಡಿ ಮ್ಯಾಲ," ಎಂದರು.

ಹಿಂದಿನ ಕಂಪೌಂಡಿನಲ್ಲಿ ಒಂದು ಸಣ್ಣ ಗೇಟಿತ್ತು. ಅದರಿಂದ ಕುರಿಗಳು ಒಳಗೆ ಹೋಗುತ್ತಿದ್ದವು. ಆಳೆತ್ತರ ಬೆಳೆಯುವ ಹುಲ್ಲು ಕೊಯ್ಯಿಸಲು ಜನ ಸಿಗದೆ, ವಿದ್ಯಾಪೀಠದವರು ಚಪಳಗಾಂವದ ರೇವಣ್ಣನಿಗೆ ಕುರಿ ಮೇಯಿಸಲು ಲಿಖಿತ ಅನುಮತಿ ಕೊಟ್ಟಿದ್ದರು. ಹೀಗಾಗಿ ಸೊಲ್ಲಾಪುರದ ನಾಗರಿಕರಿಗೆ ಇಲ್ಲದ ಪರವಾನಗಿ ಅವನ ಎಪ್ಪತ್ತು ಕುರಿಗಳಿಗೂ ಒಂದು ಟಗರಿಗೂ ಇತ್ತು. ನಾಗಣ್ಣ ಅವನಿಗೆ ವಿಷಯ ಹೇಳಿದರು. ರೇವಣ್ಣ ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡು ಅವರನ್ನೇ ನೋಡಿದ.

"ದೊಡ್ಡ ಕುಂಕುಮದ ಅಕ್ಕಾರೇನ್ರಿ? ಬೀರೋಬನಾಣಿ, ದೇವರಂಥಾ ಹೆಣಮಗಳು. ನನ್ನ ಟಗರಿಗೆ ದಿನಾ ರೊಟ್ಟಿ ತುಣುಕು ತರ್ತಿದ್ರು. ವರ್ಷಾತು ಕಾಣವಲ್ರು, ಊರ ಬಿಟ್ಟಾರಂತ ತಿಳದಿದ್ದೆ." ಟಗರಿನ ಬೆನ್ನು ತಟ್ಟಿ ಮುಂದುವರಿಸಿದ: "ಬೆಂಚಿನ ಒಂದ ತುದಿಗೆ ಅವರು ಕುಂದ್ರತಿದ್ರು ಸಾವ್ಕಾರ್ರ, ಇನ್ನೊಂದು ತುದಿಗೆ ಕೈಚೀಲ ಇಡ್ತಿದ್ರು. ಯಾರರೆ ಕುಂದ್ರಾಕ ಹೋದ್ರ 'ಅಲ್ಲಿ ಬ್ಯಾಡ್ರಿ, ನಮ್ಮವರು ಬರೂರದಾರ' ಅಂತಿದ್ರು. ಆರು ವರ್ಷ ನೋಡೀನಿ ನಾನು. ಯಾರೂ ಬರಲಿಲ್ಲ ನೋಡ್ರಿ."

ನಾಗಣ್ಣ ಬೂಟಿನ ಲಾಡಿ ಬಿಗಿ ಮಾಡುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಂಡರು.

"ಬರೂರು ನಾನಽ ಇದ್ದೆಪಾ," ಎಂದರು.

ರೇವಣ್ಣ ತನ್ನ ಕಂಬಳಿ ತೆಗೆದು ಅವರಿಗೆ ಹೊದಿಸಿದ, ಕೈಗೆ ಕೋಲು ಕೊಟ್ಟ. "ತಲಿ ಮ್ಯಾಲ ಎಳಕೊಂಡು ಕುರಿ ನಡುವ ನಡೀರಿ. ಅವು ನಿಂತ್ರ ನಿಂದ್ರಿ, ನಡದ್ರ ನಡೀರಿ. ಬಾಯಿ ಮಾತ್ರ ತೆಗಿಬ್ಯಾಡ್ರಿ."

ಹೀಗೆ ಅರವತ್ತೆಂಟರ ವಯಸ್ಸಿನಲ್ಲಿ ಚಾದರ ವ್ಯಾಪಾರಿ ನಾಗಣ್ಣ ಕುರಿ ಹಿಂಡು ಸೇರಿದರು. ಜೀವಮಾನವೆಲ್ಲ ಮೆತ್ತನೆಯ ಚಾದರ ಮಡಿಚಿದ ಮೈಗೆ ಕಂಬಳಿ ಚುಚ್ಚುತ್ತಿತ್ತು, ಮೊಣಕಾಲು ಅಳುತ್ತಿತ್ತು. ಟಗರಿಗೆ ಇವರ ಮೇಲೆ ಯಾಕೋ ವಿಶೇಷ ಪ್ರೀತಿ. ಆ ಬೂಟು ಶಾರದಾಬಾಯಿಯವರ ಕಪಾಟಿನಲ್ಲಿದ್ದದ್ದು, ಅದರ ವಾಸನೆ ಹಿಡಿಯಿತೋ ಏನೋ. ಬೆನ್ನು ಬಿಡದೆ ಬಂದು, ಕಂಕುಳಲ್ಲಿದ್ದ ಫೈಲಿಗೆ ಬಾಯಿ ಹಾಕಿ ಲೈಟ್ ಬಿಲ್ಲನ್ನು ಎಳೆದು ತಿಂದಿತು. ಆಮೇಲೆ ಲಗ್ನಪತ್ರಿಕೆಯನ್ನೂ ತಿಂದಿತು. ಹಾಳು ಟಗರು ಅಷ್ಟಕ್ಕೆ ಹೊಟ್ಟೆ ತುಂಬಿತೆಂದು ನಿಲ್ಲಿಸದೆ ಇನ್ನೊಂದು ಕಾಗದ ತಿಂದಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು.

ನೀರಿನ ಟಾಕಿ ಕಂಡಿತು. ಬೇವು ಕಂಡಿತು. ಅದರ ಕೆಳಗೆ, ಆಕೆ ಹೇಳಿದ ಹಾಗೆಯೇ, ಕಲ್ಲಿನ ಬೆಂಚು. ಎಲೆಗಳ ನೆರಳು ಅದರ ಮೇಲೆ ಅಲ್ಲಾಡುತ್ತಿತ್ತು. ಇನ್ನು ಮೂವತ್ತು ಹೆಜ್ಜೆ. ಎಡತುದಿಗೆ ಕೂಡಬೇಕೋ ಬಲತುದಿಗೋ ಎಂದು ನಾಗಣ್ಣ ಲೆಕ್ಕ ಹಾಕುತ್ತಿರುವಾಗಲೇ ಹಿಂದೆ ಸೀಟಿ ಕೇಳಿತು.

ಸೈಕಲ್ ಮೇಲೆ ರೌಂಡಿಗೆ ಬಂದ ಮರೆಪ್ಪ ನಿಂತಿದ್ದ. ಕಂಬಳಿ ನೋಡಿ, ಕೋಲು ನೋಡಿ, ಅವನ ಕಣ್ಣು ಕೆಳಗಿಳಿದು ಕಾಲಿನ ಮೇಲೆ ನಿಂತಿತು.

"ರೇವಣ್ಣಾ, ನಿನ್ನ ಮಂದಿ ಯಾವಾಗಿಂದ ಬಿಳಿ ಬೂಟ ಹಾಕಾಕತ್ತಾರೋ?"

ಹನ್ನೊಂದು ವರ್ಷ ಕರೆದು ಕರೆದು ಸೋತ ಹೆಂಡತಿ ತಂದುಕೊಟ್ಟ ಬೂಟೇ ಕೊನೆಗೆ ಇವರನ್ನು ಹಿಡಿದುಕೊಟ್ಟಿತು. "ಅಲ್ಲಿ ಎರಡ ಮಿನಿಟು ಕೂತು ಬರ್ತೀನಿ," ಎಂದು ನಾಗಣ್ಣ ಕೈ ಮುಗಿದರು. ಮರೆಪ್ಪ ಕೆಟ್ಟವನಲ್ಲ, ಅವನಿಗೂ ಒಂದು ನೌಕರಿ ಇತ್ತು. "ನನ್ನ ಕೈಯಾಗ ಏನಿಲ್ರಿ ಸಾವ್ಕಾರ್ರ, ಕ್ಯಾಮೆರಾ ಅದಾವ. ಆಫೀಸಿಗೆ ನಡೀರಿ, ಅಲ್ಲಿ ಹೊಸ ಪಾಸ್ ಕೇಳ್ರಿ," ಎಂದು ಕರೆದುಕೊಂಡು ಹೋದ.

ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಸಾರಿಕಾ ಎಂಬ ಹುಡುಗಿ ಕೂತಿದ್ದಳು. ಮನೆಮಾತು ಕನ್ನಡವಾದರೂ ಬರೆಯುವುದು ಓದುವುದು ಮರಾಠಿ. ನಾಗಣ್ಣನವರ ಮೈಮೇಲಿದ್ದ ಕಂಬಳಿಯ ವಾಸನೆಗೆ ಮೂಗು ಮುರಿಯದೆ ಕುರ್ಚಿ ಕೊಟ್ಟಳು. ಅವರು ಹೇಳಿದ್ದೆಲ್ಲ ಕೇಳಿ, ವಿಳಾಸ ಹಾಕಿ ನೋಡಿದಳು.

"ಕಾಕಾ, ಒಂದ ಮನಿಗೆ ಒಂದ ಪಾಸ್. ನಿಮ್ಮ ಮನಿ ಪತ್ತ್ಯಾದ ಮ್ಯಾಲ ಮೊದಲ ಒಂದು ಚಾಲು ಐತಿ, ಶಾರದಾಬಾಯಿ ಅಂತ. ಅದು ಬಂದ್ ಆಗೂತನಕ ಕಂಪ್ಯೂಟರ್ ಹೊಸಾ ಅರ್ಜ ತೊಗೊಳ್ಳಂಗಿಲ್ಲ."

"ಬಂದ್ ಮಾಡಾಕ ಏನ ಬೇಕವ್ವಾ?"

"ಮೃತ್ಯು ದಾಖಲಾ ಬೇಕು. ಇವತ್ತಽ ಆಗಬೇಕಂದ್ರ ಎಲ್ಲಿಂದ ತರ್ತೀರಿ? ನಾಳಿಗೆ ಬರ್ರಿ, ನಾಳಿಗೆ ಸಾಹೇಬರೂ ಇರ್ತಾರ."

ನಾಳೆ ಬಂದರೆ ಏನು ಬಂತು? ವರ್ಷದ ದಿನ ಇವತ್ತು. ನಾಗಣ್ಣ ಫೈಲು ಬಿಚ್ಚಿದರು. ಎಲ್ಲಕ್ಕಿಂತ ಮೇಲೆ, ಒಂದು ಮಡಿಕೆಯೂ ಬೀಳದೆ, ಮೃತ್ಯು ದಾಖಲೆ ಇತ್ತು. ಕಲ್ಯಾಣಪ್ಪನನ್ನು ಮನಸ್ಸಿನಲ್ಲೇ ಹರಸಿ ಅದನ್ನು ಮುಂದಿಟ್ಟರು, ಪಾಸನ್ನೂ ಕೊಟ್ಟರು.

ಸಾರಿಕಾ ಕೀಲಿಮಣೆ ಒತ್ತಿದಳು. ಕವರಿನಿಂದ ಕಾರ್ಡನ್ನು ಹೊರಗೆ ಎಳೆದು ಶಾರದಾಬಾಯಿಯವರ ಮುಖದ ಪಕ್ಕದಲ್ಲಿ 'ರದ್ದು' ಎಂದು ಕೆಂಪು ಶಿಕ್ಕಾ ಹೊಡೆದಳು. ಸಿದ್ಧರಾಮೇಶ್ವರನ ಪಟ ಮೇಜಿನ ಮೇಲೆ ಬಿತ್ತು. ಇನ್ನೊಂದು ಶಿಕ್ಕಾ ಹೊಡೆಯಲು ಕಾರ್ಡನ್ನು ಮಗುಚಿದವಳು ಹಾಗೇ ಕೈ ತಡೆದಳು.

"ಕಾಕಾ, ಇವರು ಯಾರು?"

ಕಾರ್ಡಿನ ಬೆನ್ನಿಗೆ, ಇಷ್ಟು ದಿನ ಪಟ ಮುಚ್ಚಿಕೊಂಡಿದ್ದ ಜಾಗದಲ್ಲಿ, ಇನ್ನೊಂದು ಫೋಟೋ ಇತ್ತು. ಮಗ ಅವಿನಾಶನ ಮದುವೆಯಲ್ಲಿ ತೆಗೆದದ್ದು. ತಲೆಗೆ ಕೇಸರಿ ಫೇಟಾ, ಕೆಳಗೆ ದಪ್ಪ ಮೀಸೆ. ಅದರಡಿ ಮರಾಠಿಯಲ್ಲಿ ಬರೆದಿತ್ತು: ಸಹಧಾರಕ, ನಾಗಣ್ಣ. ನಾತೆ, ಅಂದರೆ ಸಂಬಂಧ: ಪತಿ. ಮುಂದೆ ಅವರದೇ ಸಹಿ.

"ಇದು ಜೋಡಿ ಪಾಸ್ ಐತ್ರಿ ಕಾಕಾ," ಎಂದಳು ಸಾರಿಕಾ. ದನಿ ಸಣ್ಣದಾಗಿತ್ತು. "ಮೊದಲಿಂದ ಜೋಡೀನಽ ಮಾಡಿಸ್ಯಾರ. ಕಂಪ್ಯೂಟರಿನ್ಯಾಗ ಒಂದ ಹೆಸರಷ್ಟ ಕಾಣಸ್ತೈತಿ. ಮುಂದಿನ ಮಾರ್ಚ್‌ತನಕ ಚಾಲು ಇತ್ತು. ನೀವು ಇದನ್ನ ತಿರುವಿ ತೋರಿಸಿದ್ರ ಸಾಕಿತ್ತು, ಗೇಟಿನ್ಯಾಗಽ ಬಿಡ್ತಿದ್ರು."

ನಾಗಣ್ಣನವರಿಗೆ ಆಗ ನೆನಪಾಯಿತು. ಮೂರು ವರ್ಷಕ್ಕೊಮ್ಮೆ ಮಾರ್ಚ್ ತಿಂಗಳಲ್ಲಿ, ಗಿರಾಕಿಗಳ ಗದ್ದಲದ ನಡುವೆ, ಆಕೆ ಅಂಗಡಿಗೆ ಬಂದು ಒಂದು ಕಾಗದ ಮುಂದಿಡುತ್ತಿದ್ದರು. 'ಇಲ್ಲೊಂದು ಸಹಿ ಹಾಕ್ರಿ.' ಗ್ಯಾಸಿನದೋ ಬ್ಯಾಂಕಿನದೋ ಇರಬೇಕೆಂದು ಇವರು ನೋಡದೆ ಹಾಕುತ್ತಿದ್ದರು. ನಾಲ್ಕು ಸಲ ಹಾಕಿದ್ದರು. ಯಾತಕ್ಕೆಂದು ಒಂದು ಸಲವೂ ಕೇಳಿರಲಿಲ್ಲ.

"ಆ ಶಿಕ್ಕಾ ಅಳಿಸಾಕ ಬರ್ತೈತೇನವ್ವಾ?"

"ಇಲ್ರಿ ಕಾಕಾ. ಕಂಪ್ಯೂಟರಿನ್ಯಾಗೂ ಬಂದ್ ಆತು."

"ಹೊಸಾದು?"

ಸಾರಿಕಾ ಪರದೆ ನೋಡಿದಳು. "ಜಾಗಾ ಭರ್ತಿ ಆಗ್ಯಾವಂತ ತೋರಸಾಕತ್ತೈತಿ. ವೇಟಿಂಗ್ ನಾಕ್ನೂರಾ ಹನ್ನೆರಡು."

ಕಾರ್ಡನ್ನಾದರೂ ಕೊಡುತ್ತೀಯಾ ಎಂದು ನಾಗಣ್ಣ ಕೇಳಿದರು. ರದ್ದಾದ ಕಾರ್ಡು ಆಫೀಸಿನಲ್ಲೇ ಉಳಿಯಬೇಕು. ಸಾರಿಕಾ ಕಣ್ಣು ಕೆಳಗೆ ಹಾಕಿ ಸಿದ್ಧರಾಮೇಶ್ವರನ ಪಟವನ್ನಷ್ಟೇ ಎತ್ತಿ ಅವರ ಕೈಗಿಟ್ಟಳು.

ಮರೆಪ್ಪ ಗೇಟಿನವರೆಗೂ ಬಂದು, ಕಂಬಳಿಯನ್ನು ತಾನೇ ರೇವಣ್ಣನಿಗೆ ಮುಟ್ಟಿಸುತ್ತೇನೆಂದು ಇಸಿದುಕೊಂಡು ಚಿಲಕ ಹಾಕಿದ. ನಾಗಣ್ಣ ಸರಳಿಗೆ ಹಣೆ ಹಚ್ಚಿ ಒಳಗೆ ನೋಡಿದರು. ದೂರದಲ್ಲಿ ಬೇವಿನ ಕೆಳಗೆ ಕುರಿಗಳು ಮೇಯುತ್ತಿದ್ದವು, ಟಗರು ಬೆಂಚಿನ ನೆರಳಿನಲ್ಲಿ ಮಲಗಿತ್ತು. ಬೆಂಚಿನ ಎರಡೂ ತುದಿ ಖಾಲಿ ಇದ್ದವು.

ಕಲ್ಯಾಣಪ್ಪ ಸ್ಕೂಟರ್ ದಬ್ಬಿಕೊಂಡು ಬಂದರು. ಫೈಲನ್ನು ಇಸಿದುಕೊಂಡು, ಮೃತ್ಯು ದಾಖಲೆ ಇಲ್ಲದ್ದನ್ನು ನೋಡಿ ಅವರ ಮುಖ ಅರಳಿತು.

"ತೊಗೊಂಡ್ರಲ್ಲ! ನಾ ಹೇಳಿದ್ದಿಲ್ಲೇನ್ರಿ, ಬೇಕಾದ ಕಾಗದ ಕೈಯಾಗ ಇರಬೇಕಂತ. ಪಾಸ್ ಆತೇನು?"

ನಾಗಣ್ಣ ಸರಳು ಬಿಡಲಿಲ್ಲ.

"ಇತ್ತು," ಎಂದರು. "ಹನ್ನೆರಡು ವರ್ಷದಿಂದ ಇತ್ತು."