ಭಾವನಿಗೆ ಊರು ತೋರಿಸಿದ್ದು

ವಿಜಯಕುಮಾರನಿಗೆ ಬೇಕಾಗಿದ್ದದ್ದು ಅಕ್ಕನ ಒಂದು ಸಹಿ. ಅಷ್ಟೇ. ಆ ಒಂದು ಸಹಿಗಾಗಿ ಅವನು ಶಿವಮೊಗ್ಗದಿಂದ ಭದ್ರಾವತಿಯವರೆಗೆ ಇಡೀ ಸೀಮೆಯನ್ನೇ ಭಾವನ ಮುಂದೆ ಹರವಬೇಕಾಯಿತು.

ಗಾಂಧಿ ಬಜಾರಿನಲ್ಲಿ ಅವನದೊಂದು ಬಾಡಿಗೆ ಅಂಗಡಿ. ಸೀರೆಯ ಫಾಲು, ಲೈನಿಂಗ್ ಬಟ್ಟೆ, ಗುಂಡಿ, ಜಿಪ್ಪು, ದಾರದ ಉಂಡೆ, ಇವನ್ನು ಮಾರಿಕೊಂಡು ಯಾರ ತಂಟೆಗೂ ಹೋಗದೆ ಬದುಕಿದ್ದ ಮನುಷ್ಯ. ಅಂಗಡಿಯ ಮಾಲೀಕ ಒಂದು ದಿನ ಬಂದು, "ನನ್ನ ಮಗ ಮೊಬೈಲ್ ಅಂಗಡಿ ಇಡ್ತಾನಂತೆ, ಯುಗಾದಿಯೊಳಗೆ ಖಾಲಿ ಮಾಡ್ಕೊಡಪ್ಪಾ" ಎಂದುಬಿಟ್ಟ. ವಿಜಯಕುಮಾರನಿಗೆ ಉಳಿದಿದ್ದು ಒಂದೇ ದಾರಿ. ದುರ್ಗಿಗುಡಿಯ ಹಳೆಯ ಮನೆಯ ಮುಂದಿನ ಕೋಣೆಯನ್ನು ಒಡೆದು ಅಲ್ಲೇ ಅಂಗಡಿ ಕಟ್ಟಿಕೊಳ್ಳುವುದು. ಬ್ಯಾಂಕಿನವರು ಸಾಲಕ್ಕೆ ತಲೆ ಆಡಿಸಿದರು, ಆದರೆ ತೀರಿಕೊಂಡ ಅಪ್ಪನ ಮನೆಯಲ್ಲಿ ಅಕ್ಕ ಜಯಶೀಲಾಗೂ ಅರ್ಧ ಪಾಲಿದೆ, ಅವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಮಾತ್ರ ಎಂದರು.

ಎದುರು ಮನೆಯ ಪುಟ್ಟಣ್ಣನಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಪತ್ರ ಬರೆಯುವುದೇ ಕಸುಬು. ಬೀದಿಯವರ ಆಸ್ತಿ ವಿಷಯವೆಲ್ಲ ಅವನಿಗೆ ಅವರಿಗಿಂತ ಮೊದಲೇ ಗೊತ್ತಾಗುತ್ತಿತ್ತು.

"ಅಕ್ಕನ ಚಿಂತೆ ಬಿಡು ಮಾರಾಯ" ಎಂದ ಪುಟ್ಟಣ್ಣ. "ಹೆಣ್ಮಕ್ಕಳಿಗೆ ಒಂದು ಒಳ್ಳೆ ಸೀರೆ ಕೊಟ್ಟು ಮಡಿಲು ತುಂಬಿದ್ರೆ ಮುಗೀತು. ನೀನು ಹಿಡೀಬೇಕಾಗಿರೋದು ಭಾವನ್ನ. ಆ ಮನುಷ್ಯ ಮೂಗು ಮುರಿದ್ರೆ ನಿನ್ನ ಅಂಗಡಿ ಕತೆ ಅಲ್ಲಿಗೇ ಮುಗೀತು. ಬೆಳಗ್ಗೆಯಿಂದ ಊರೆಲ್ಲ ತೋರ್ಸು, ಹೊಟ್ಟೆ ತುಂಬ ಊಟ ಹಾಕ್ಸು, ನಾಲ್ಕು ಗಂಟೆಗೆ ಆಫೀಸಿಗೆ ಕರ್ಕೊಂಡು ಬಾ. ಖುಷೀಲಿರೋ ಮನುಷ್ಯ ಅಡ್ಡ ಮಾತಾಡಲ್ಲ."

"ನನಗೇ ಊರು ಸರಿಯಾಗಿ ಗೊತ್ತಿಲ್ಲವಲ್ಲ ಪುಟ್ಟಣ್ಣ" ಎಂದ ವಿಜಯಕುಮಾರ. ಮನೆ ಬಿಟ್ಟರೆ ಬಜಾರು, ಬಜಾರು ಬಿಟ್ಟರೆ ಮನೆ, ಇಷ್ಟೇ ಅವನ ಶಿವಮೊಗ್ಗ.

"ನಾನಿಲ್ವಾ? ಕಾರೂ ನಂದೇ, ಬಾಯೂ ನಂದೇ. ನೀನು ಹಿಂದೆ ಕೂತ್ಕೊಂಡು ಹೂಂಗುಟ್ಟು."

ಭಾವ ಶಿವಶಂಕರಪ್ಪ ದಾವಣಗೆರೆಯಲ್ಲಿ ಬಸ್ ಡಿಪೋ ಮ್ಯಾನೇಜರ್ ಆಗಿ ನಿವೃತ್ತರಾದವರು. ಜಗತ್ತಿನಲ್ಲಿ ಯಾವುದೂ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ ಎಂಬ ಅಸಮಾಧಾನ ಅವರ ಮುಖದಲ್ಲಿ ಖಾಯಂ ಆಗಿ ಉಳಿದಿತ್ತು. ಸಹಿಗೆಂದು ಅಕ್ಕನ ಜೊತೆ ಹಿಂದಿನ ದಿನವೇ ಶಿವಮೊಗ್ಗಕ್ಕೆ ಬಂದಿದ್ದ ಅವರು, ಆ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ಅಕ್ಕ, ವಿಜಯಕುಮಾರ, ಇಬ್ಬರ ನಡುವೆ ಬುತ್ತಿಯ ಡಬ್ಬಿ. ಅವನ ಹೆಂಡತಿ ಮಂಜುಶ್ರೀ ಸಹಿ ಆದ ಮೇಲಿನ ಹೋಳಿಗೆ ಊಟಕ್ಕೆ ಕಡಲೆಬೇಳೆ ಬೇಯಿಸುತ್ತಾ ಮನೆಯಲ್ಲೇ ಉಳಿದಳು.

ಮೊದಲು ಸಕ್ರೆಬೈಲಿನ ಆನೆ ಬಿಡಾರ. ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವ ಹೊತ್ತು.

"ಇನ್ನೂ ಮುಂದೆ ಬನ್ನಿ ಸಾರ್, ಅಲ್ಲಿಂದ ಏನು ಕಾಣುತ್ತೆ!" ಎಂದು ಪುಟ್ಟಣ್ಣ ಭಾವನನ್ನು ನೀರಿನಂಚಿಗೆ ನಿಲ್ಲಿಸಿದ.

"ಆನೆ ಏನು, ನಮ್ಮೂರಿಗೂ ಬರ್ತಾವೆ" ಎಂದರು ಶಿವಶಂಕರಪ್ಪ. ಆ ಮಾತು ಆನೆಗೆ ಕೇಳಿಸಿತೋ ಏನೋ, ಸೊಂಡಿಲಿನ ತುಂಬ ನೀರೆಳೆದು, ಬೆನ್ನಿನ ಮೇಲೆ ಸುರಿದುಕೊಳ್ಳುವ ಬದಲು, ಸೀದಾ ಅವರ ಮೇಲೆ ಬಿಟ್ಟಿತು. ಭಾವ ತಲೆಯಿಂದ ಕಾಲಿನವರೆಗೆ ತೊಯ್ದುಹೋದರು. ಪುಟ್ಟಣ್ಣನ ಕಾರಿನ ಡಿಕ್ಕಿಯಲ್ಲಿ ಸಿಕ್ಕಿದ್ದು ಗಾಡಿ ಒರೆಸಲು ಇಟ್ಟಿದ್ದ ಹಸಿರು ಚೌಕಳಿ ಲುಂಗಿ ಒಂದೇ. ಮಾಜಿ ಡಿಪೋ ಮ್ಯಾನೇಜರರು ಅದನ್ನೇ ಉಟ್ಟು, ಯಾರ ಮುಖವನ್ನೂ ನೋಡದೆ ನಿಂತರು.

"ವಿಜಿ, ಆನೆ ಮೈ ಉಜ್ಜೋಕೆ ಬಿಡ್ತಾರಂತೆ ಕಣೋ, ನಾನೊಂದ್ಸಲ..." ಎಂದಳು ಅಕ್ಕ.

"ಅಕ್ಕಾ, ಸುಮ್ನಿರು. ಇಲ್ಲಿ ಭಾವ ನಡುಗ್ತಿದಾರೆ" ಎಂದು ವಿಜಯಕುಮಾರ ಪಂಚೆ ಹಿಂಡತೊಡಗಿದ. ಹಿಂಡಿ ತಿರುಗಿ ನೋಡಿದರೆ, ಅಕ್ಕ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಒಂದು ಮರಿಯಾನೆಯ ಹಣೆಯ ಮೇಲೆ ಅಂಗೈಯಿಟ್ಟು ಏನೋ ಮಾತಾಡುತ್ತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ಅವನು ಅವಳ ಮದುವೆಯಲ್ಲೂ ನೋಡಿರಲಿಲ್ಲ. ಒಂದು ಗಳಿಗೆ ಅವನ ಮನಸ್ಸು ಮೆತ್ತಗಾಯಿತು. ಅಷ್ಟರಲ್ಲಿ ಪುಟ್ಟಣ್ಣ ಹಾರ್ನ್ ಹೊಡೆದ.

ಊರಿಗೆ ವಾಪಸು ಬಂದು ಶಿವಪ್ಪ ನಾಯಕನ ಅರಮನೆ ತೋರಿಸಿದ್ದಾಯಿತು.

"ಇದೇನಾ ಅರಮನೆ?" ಎಂದರು ಭಾವ, ಲುಂಗಿ ಸರಿಪಡಿಸಿಕೊಂಡು. "ನಮ್ಮ ಡಿಪೋದ ಗ್ಯಾರೇಜೇ ಇದಕ್ಕಿಂತ ದೊಡ್ಡದೈತಲ್ಲಪ್ಪ."

ಅಕ್ಕ ಮರದ ಕಂಬಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. "ಜಯಾ, ಹೊತ್ತಾಯ್ತು" ಎಂದು ಭಾವ ಕೂಗಿದ್ದಕ್ಕೆ ಓಡಿ ಬಂದಳು.

ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ಪುಟ್ಟಣ್ಣ ತನ್ನ ಬಾಯಿಗೆ ಲಗಾಮು ಹಾಕಲಿಲ್ಲ. ಹೊರಗೋಡೆಯಲ್ಲಿ ಕಂಡ ಮೂರ್ತಿಗೆಲ್ಲ ಒಂದೊಂದು ಕತೆ ಕಟ್ಟಿ, ಒಬ್ಬ ರಾಜನನ್ನು ಎರಡು ಸಲ ಸಾಯಿಸಿದ. ಭಾವನ ಗಮನವೆಲ್ಲ ಬಾಗಿಲಲ್ಲಿ ಬಿಟ್ಟು ಬಂದ ಚಪ್ಪಲಿಯ ಮೇಲಿತ್ತು. ಅಕ್ಕ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು, "ಇನ್ನೂ ಏನೇನಿದೆ ಪುಟ್ಟಣ್ಣ ನೋಡೋಕೆ?" ಎಂದಳು.

"ಅಯ್ಯೋ ಅಕ್ಕಾ, ಎರಡು ಹೊಳೆ ಸೇರೋ ಕೂಡ್ಲಿ ಇದೆ, ಭದ್ರಾ ಡ್ಯಾಮ್ ಇದೆ, ಮಂಡಗದ್ದೆಲಿ ಹಕ್ಕಿಗಳಿದಾವೆ, ತ್ಯಾವರೆಕೊಪ್ಪದಲ್ಲಿ ಸಿಂಹ ಇದೆ. ಒಂದು ದಿನದಲ್ಲಿ ಮುಗಿಯೋ ಊರಾ ಇದು?"

ವಿಜಯಕುಮಾರನಿಗೆ ಇದೊಂದೂ ಕಿವಿಗೆ ಬೀಳಲಿಲ್ಲ. ಭಾವನ ಮುಖದಲ್ಲಿ ಇನ್ನೂ ನಗು ಮೂಡಿರಲಿಲ್ಲ. ಅಂಗಡಿ ಖಾಲಿ ಮಾಡಿ ಗುಂಡಿ ಡಬ್ಬಗಳನ್ನು ತಲೆ ಮೇಲೆ ಹೊತ್ತು ಬೀದಿ ಸುತ್ತುತ್ತಿರುವಂತೆ ಅವನಿಗೆ ಹಗಲುಗನಸು ಬೀಳತೊಡಗಿತ್ತು. ನಿಜವಾಗಿಯೂ ಅವನಿಗೆ ಭಯವಾಗಿತ್ತು.

ಭದ್ರಾವತಿಯ ಬಸ್ ನಿಲ್ದಾಣದ ಹತ್ತಿರ ಬರುವಷ್ಟರಲ್ಲಿ ಕಾರಿನ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿಯಿಲ್ಲ.

"ಹೊತ್ತು ಮೀರ್ತಾ ಇದೆಯಲ್ಲ ಪುಟ್ಟಣ್ಣ!" ಎಂದು ವಿಜಯಕುಮಾರ ಅಳುವುದೊಂದು ಬಾಕಿ.

ಪಕ್ಕದ ಟೀ ಅಂಗಡಿಯ ತಮಿಳು ಹೆಂಗಸು, "ಉಕ್ಕಾರುಂಗ ಸಾರ್, ಟೀ ಕುಡೀರಿ, ಎಲ್ಲಾ ಸರಿ ಆಗುತ್ತೆ" ಎಂದು ಬೆಂಚು ಒರೆಸಿದಳು. ಆದರೆ ಭಾವ ಕೂರಲಿಲ್ಲ. ನಿಲ್ದಾಣದ ಬಾಯಲ್ಲಿ ಎರಡು ಬಸ್ಸು ಎದುರುಬದುರಾಗಿ ಸಿಕ್ಕಿಹಾಕಿಕೊಂಡು, ಹಿಂದೆ ಸಾಲುಗಟ್ಟಿದ ಗಾಡಿಗಳೆಲ್ಲ ಒಟ್ಟಿಗೆ ಅರಚುತ್ತಿದ್ದವು. ಶಿವಶಂಕರಪ್ಪ ಲುಂಗಿ ಎತ್ತಿ ಕಟ್ಟಿದರು, ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದರು.

"ಏ, ರೈಟ್! ರೈಟಿಗೆ ಹೊಡಿಯಪ್ಪಾ! ಹಿಂದೆ ಬಾ, ಬಾ, ಬಾ... ಹೋಲ್ಡಾನ್!"

ಡ್ರೈವರುಗಳು ಪಿಟ್ಟೆನ್ನದೆ ಕೇಳಿದರು. ರಸ್ತೆ ಬಿಡುಗಡೆಯಾಯಿತು. ಒಬ್ಬ ಕಂಡಕ್ಟರ್ ಸಲಾಮು ಹೊಡೆದು, "ಶಿವಮೊಗ್ಗಕ್ಕಾ ಸಾರ್? ಬನ್ನಿ, ಮುಂದಿನ ಸೀಟು ಖಾಲಿ ಇದೆ" ಎಂದ. ಕಾರನ್ನು ಪಂಕ್ಚರ್ ಅಂಗಡಿಗೆ ಒಪ್ಪಿಸಿ ಎಲ್ಲರೂ ಬಸ್ಸು ಹತ್ತಿದರು. ಡ್ರೈವರಿನ ಪಕ್ಕ ಕೂತ ಭಾವ ತವರಿಗೆ ಬಂದ ಮಗಳಂತೆ ಕಳಕಳಿಸುತ್ತಿದ್ದರು.

"ವಿಜಯಾ, ನಿಮ್ಮೂರು ಬಾಳ ಚೆನ್ನಾಗೈತಪ್ಪ!" ಎಂದು ಅಲ್ಲಿಂದಲೇ ಕೂಗಿದರು. "ಎಲ್ಲಿ ಸಹಿ ಹಾಕ್ಬೇಕು ಹೇಳು, ಹಾಕೇಬಿಡ್ತೀನಿ!"

ಪುಟ್ಟಣ್ಣ ವಿಜಯಕುಮಾರನ ತೊಡೆ ತಟ್ಟಿ, "ನೋಡಿದ್ಯಾ?" ಎಂದ. ವಿಜಯಕುಮಾರನ ಕಣ್ಣಲ್ಲಿ ನೀರು ಬಂತು. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸರಿಯಾದ ಹೊತ್ತಿಗೇ ತಲುಪಿದರು. ಒಳಗೆ ಕನ್ನಡಕದ ಮೇಲಿನಿಂದ ನೋಡುವ ಒಬ್ಬ ಹೆಂಗಸು ಅಧಿಕಾರಿ. ಪತ್ರ ತಿರುವಿ ಹಾಕಿ ಕೇಳಿದರು, "ಸ್ವಂತ ಇಷ್ಟದಿಂದ ನಿಮ್ಮ ಪಾಲು ಬಿಟ್ಟುಕೊಡ್ತಿದೀರಾ?"

"ಹೌದು ಮೇಡಂ" ಎಂದರು ಭಾವ, ಪುಟ್ಟಣ್ಣ, ವಿಜಯಕುಮಾರ, ಒಂದೇ ಉಸಿರಿನಲ್ಲಿ.

"ನಿಮ್ಮ ಮೂವರನ್ನ ಯಾರು ಕೇಳಿದ್ರು? ಅಮ್ಮಾ, ನೀವು ಹೇಳಿ."

ಅಕ್ಕ ಮೇಜಿನತ್ತ ಒಂದು ಹೆಜ್ಜೆ ಮುಂದೆ ಬಂದಳು. "ಬೆಳಗ್ಗೆ ಕೇಳಿದ್ರೆ ಹೌದು ಅಂತಿದ್ದೆ ಮೇಡಂ" ಎಂದಳು. "ಸಹಿ ಹಾಕೋಕೆ ಅಂತಾನೇ ಬಂದಿದ್ದೆ. ಈ ಊರಲ್ಲೇ ಹುಟ್ಟಿ ಬೆಳೆದೋಳು ನಾನು. ಆನೆ ನೋಡ್ಬೇಕು ಅಂದ್ರೆ ಅಪ್ಪ, ಮದುವೆ ಆದ್ಮೇಲೆ ಗಂಡನ ಜೊತೆ ನೋಡು ಅಂದ್ರು. ಇವರನ್ನ ಕೇಳಿದ್ರೆ, ನಿಮ್ಮೂರಲ್ಲಿ ಏನೈತೆ ನೋಡೋಕೆ ಅಂದ್ರು. ಇವತ್ತು ನೋಡಿದೆ. ಇನ್ನೂ ಎಷ್ಟೋ ಇದೆಯಂತೆ. ಈಗ ಬಿಟ್ಟುಕೊಡೋಕೆ ನನಗೆ ಮನಸ್ಸು ಬರ್ತಿಲ್ಲ."

"ಅಕ್ಕಾ, ನನ್ನ ಅಂಗಡಿ..." ಎಂದ ವಿಜಯಕುಮಾರ.

"ಹಿಂದಿನ ಭಾಗ ಎಲ್ಲಾ ನಿನಗೇ ಇರ್ಲಿ ಕಣೋ, ಅಲ್ಲೇ ಅಂಗಡಿ ಇಟ್ಕೋ. ಮುಂದಿನ ಕೋಣೆ ಮಾತ್ರ ನನಗೆ ಬೇಕು. ಯಾರಾದ್ರೂ ಬಂದ್ರೆ ಅಮ್ಮ ನನ್ನನ್ನ ಅಲ್ಲಿ ನಿಲ್ಲೋಕೇ ಬಿಡ್ತಿರಲಿಲ್ಲ. ಅಲ್ಲಿ ಕೂತು ಬೀದಿ ನೋಡ್ಬೇಕು."

ವಿಜಯಕುಮಾರ ದಿಕ್ಕು ತೋಚದೆ ಭಾವನ ಕಡೆ ತಿರುಗಿದ. ದಿನವಿಡೀ ದುಡಿದದ್ದು ಈ ಒಬ್ಬ ಮನುಷ್ಯನಿಗಾಗಿ.

"ಅವಳು ಹೇಳೋದು ಸರಿಯಾಗೈತಪ್ಪ" ಎಂದರು ಭಾವ, ಮುಖವರಳಿಸಿ. "ಮನೇಲಿ ಕೂತು ನನಗೂ ಬೇಜಾರಾಗೈತೆ. ಇಲ್ಲಿ ಬಂದು ಇದ್ರೆ ದಿನಾ ಒಂದು ರೌಂಡು ಭದ್ರಾವತಿ ಸ್ಟ್ಯಾಂಡಿಗೆ ಹೋಗಿ ಬರ್ಬೋದು. ಪಾಪ, ಅಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ."

ಪುಟ್ಟಣ್ಣ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಕಸುಬು ನೆನಪಾಗಿ, ಜೇಬಿನಿಂದ ಪೆನ್ನು ತೆಗೆದು ಅಕ್ಕನ ಕಡೆ ಸರಿದು ನಿಂತ. "ಹಂಗಾದ್ರೆ ವಿಭಾಗ ಪತ್ರ ಮಾಡ್ಸಬೇಕಾಗುತ್ತೆ ಅಕ್ಕಾ. ಬೆಳಗಾಗೋದ್ರೊಳಗೆ ಬರ್ಕೊಡ್ತೀನಿ. ಆದ್ರೆ ಅದಕ್ಕೆ ವಿಜಯನ ಸಹಿ ಬೇಕೇ ಬೇಕು."

"ಓ, ಇವನ ಸಹಿ ಬೇಕಾ?" ಎಂದಳು ಅಕ್ಕ. ಅವಳು ತಮ್ಮನ ಹೆಗಲ ಮೇಲೆ ಕೈಯಿಟ್ಟಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಬರೀ ಅಕ್ಕರೆಯಿತ್ತು.

"ವಿಜಿ, ನೀನು ಕೂಡ್ಲಿ ನೋಡಿದೀಯೇನೋ?"

ವಿಜಯಕುಮಾರ ಕೂಡ್ಲಿ ನೋಡಿರಲಿಲ್ಲ.